ಲಿನಕ್ಸ್ ಕರ್ನಲ್ಲಿಗೆ ಕಡತ ವ್ಯವಸ್ಥೆಗಳನ್ನು ಆರಿಸುವ ಬಗೆ

ಗಣಕಯಂತ್ರದ ಡಿಸ್ಕಿನಲ್ಲಿ ನಾವು ಪತ್ರಗಳನ್ನೂ ಚಿತ್ರಗಳನ್ನೂ ಲೆಕ್ಕಪತ್ರಗಳನ್ನೂ ಇಟ್ಟಿರುತ್ತೇವೆ. ಆದರೆ ಡಿಸ್ಕಿಗೆ ಇವು ಯಾವುವೂ ತಿಳಿಯವು. ಅದರಲ್ಲಿರುವುದು ಒಂದಾದ ಮೇಲೊಂದರಂತೆ ಸಂಖ್ಯೆ ಹಾಕಿದ ಕೋಟ್ಯಂತರ ಕಿರುಮನೆಗಳು. ಒಂದೊಂದು ಮನೆಯಲ್ಲಿಯೂ ಒಂದಿಷ್ಟು ಅಂಕೆಗಳು. ಯಾವ ಮನೆಯಿಂದ ಯಾವ ಮನೆಯವರೆಗೆ ಒಂದು ಪತ್ರವಿದೆ, ಅದರ ಹೆಸರೇನು, ಅದರ ಒಡೆಯರು ಯಾರು, ಯಾವ ಮನೆಗಳು ಖಾಲಿಯಾಗಿವೆ ಎಂಬುದನ್ನೆಲ್ಲ ಗುರುತಿಟ್ಟುಕೊಳ್ಳುವ ಕಟ್ಟಳೆಗೆ ಕಡತ ವ್ಯವಸ್ಥೆ ಎಂದು ಹೆಸರು.

ಈ ಕಟ್ಟಳೆ ಒಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಮೋಡಿ ಲಿಪಿಯಲ್ಲಿ ಬರೆದ ಹಳೆಯ ಜಮೀನು ದಾಖಲೆಯನ್ನು ಆ ಲಿಪಿ ಬಾರದವರ ಕೈಗೆ ಕೊಟ್ಟರೆ ಏನಾಗುವುದೆಂದು ವಾಚಕರು ಊಹಿಸಬಲ್ಲರು. ಕಾಗದ ಕೈಯಲ್ಲಿದೆ, ಮಸಿ ಮಾಸಿಲ್ಲ; ಆದರೂ ಅದರ ಒಂದಕ್ಷರವೂ ಉಪಯೋಗಕ್ಕೆ ಬಾರದು. ಒಂದು ಕಡತ ವ್ಯವಸ್ಥೆಯನ್ನು ಓದಲು ಕಲಿಯದ ಯಂತ್ರದ ಮುಂದೆ ಡಿಸ್ಕನ್ನಿಟ್ಟರೆ ಅದರ ಗತಿಯೂ ಇದೇ. ಹೀಗಿರುವಲ್ಲಿ, ಯಂತ್ರಕ್ಕೆ ಯಾವ ಯಾವ ಲಿಪಿಗಳನ್ನು ಕಲಿಸಬೇಕು ಎಂಬ ನಿರ್ಧಾರ ಸಣ್ಣದಲ್ಲ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ನಿರ್ಧಾರವನ್ನು ಹೇಗೆ ಮಾಡುತ್ತಾರೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಕರ್ನಲ್ಲೂ ಅದರ ಲಿಪಿಗಳೂ

ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಂತ್ರದ ಭಾಗಗಳನ್ನೆಲ್ಲ ಅಂಕೆಯಲ್ಲಿಟ್ಟು ಉಳಿದ ಕ್ರಮವಿಧಿಗಳಿಗೆ ಕೆಲಸಕ್ಕೆ ಅನುವು ಮಾಡಿಕೊಡುವುದು ಇದರ ಹೊಣೆ. ಡಿಸ್ಕನ್ನು ಓದುವ ವಿದ್ಯೆಯೂ ಸಾಮಾನ್ಯವಾಗಿ ಇದಕ್ಕೇ ಸೇರಿದ್ದು.

ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸ್ ಕರ್ನಲ್ಲನ್ನು ಹೊರತಂದಾಗ ಅದಕ್ಕೆ ಬರುತ್ತಿದ್ದುದು ಮಿನಿಕ್ಸ್ ಎಂಬ ಒಂದೇ ಕಡತ ವ್ಯವಸ್ಥೆ. ಅದರಲ್ಲಿ ಕಡತದ ಹೆಸರು ೧೪ ಅಕ್ಷರಗಳನ್ನು ಮೀರುವಂತಿರಲಿಲ್ಲ. ಡಿಸ್ಕಿನ ಭಾಗ ೬೪ ಮೆಗಾಬೈಟುಗಳನ್ನು ಮೀರುವಂತಿರಲಿಲ್ಲ. ಈ ಇಕ್ಕಟ್ಟನ್ನು ಕಳೆಯಲು ೧೯೯೨ರಲ್ಲಿ ಎಕ್ಸ್ಟ್ ಎಂಬುದೂ ೧೯೯೩ರಲ್ಲಿ ಎಕ್ಸ್ಟ್-೨ ಎಂಬುದೂ ಬಂದವು. ೨೦೦೧ರಲ್ಲಿ ಕರ್ನಲ್ಲಿಗೆ ಸೇರಿದ ಎಕ್ಸ್ಟ್-೩ ಒಂದು ಹೊಸ ಗುಣವನ್ನು ತಂದಿತು. ವ್ಯಾಪಾರಿಯು ಖಾತೆಗೆ ಏರಿಸುವ ಮೊದಲು ವ್ಯವಹಾರವನ್ನು ದಿನವಹಿಯಲ್ಲಿ ಬರೆದಿಡುವಂತೆ, ಇದು ಮಾಡಬೇಕಾದ ಬದಲಾವಣೆಯನ್ನು ಮೊದಲು ಬೇರೊಂದೆಡೆ ಬರೆದಿಡುತ್ತದೆ. ನಡುವೆ ವಿದ್ಯುತ್ತು ಕಡಿದುಹೋದರೂ ದಿನವಹಿಯನ್ನು ನೋಡಿ ಖಾತೆಯನ್ನು ಸರಿಪಡಿಸಬಹುದು. ೨೦೦೮ರ ಕೊನೆಯಲ್ಲಿ ಸ್ಥಿರವೆಂದು ಸಾರಲಾದ ಎಕ್ಸ್ಟ್-೪ ಇಂದು ಬಹುಮಂದಿಯ ಬಳಕೆಯಲ್ಲಿದೆ.

ಇವಲ್ಲದೆ ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೊದಲಾದ ಬೇರೆ ಮನೆತನಗಳುಂಟು. ಕ್ಯಾಮೆರಾದ ಕಾರ್ಡಿಗೂ ಪೆನ್‌ಡ್ರೈವಿಗೂ ಫ್ಯಾಟ್ ಬೇಕು, ಸಿ.ಡಿ.ಗೆ ಐ.ಎಸ್.ಒ. ೯೬೬೦ ಬೇಕು, ದೂರದ ಯಂತ್ರದ ಕಡತಗಳನ್ನು ಜಾಲದ ಮೂಲಕ ತರಲು ಎನ್‌ಎಫ್‌ಎಸ್ ಬೇಕು. ಡಿಸ್ಕೇ ಇಲ್ಲದ ಕಡತ ವ್ಯವಸ್ಥೆಗಳೂ ಇವೆ: ಪ್ರೊಕ್, ಟೆಂಪ್‌ಎಫ್‌ಎಸ್ ಎಂಬವು ಕೇವಲ ಸ್ಮೃತಿಯಲ್ಲಿ ನೆಲೆಸಿರುತ್ತವೆ.

ಎಲ್ಲವನ್ನೂ ಸೇರಿಸಬಾರದೇಕೆ?

ಎಲ್ಲ ಲಿಪಿಗಳನ್ನೂ ಕಲಿಸಿಬಿಟ್ಟರೆ ತೊಂದರೆಯೇನು ಎಂದು ಕೇಳಬಹುದು. ತೊಂದರೆ ಎರಡು ಬಗೆಯದು. ಮೊದಲನೆಯದು ಸ್ಥಳ. ಕರ್ನಲ್ ಆಕ್ರಮಿಸಿದ ಸ್ಮೃತಿಯನ್ನು ಇತರ ಕ್ರಮವಿಧಿಗಳ ಸ್ಮೃತಿಯಂತೆ ಡಿಸ್ಕಿಗೆ ಸರಿಸಿ ತೆರವು ಮಾಡಲು ಬರುವುದಿಲ್ಲ. ಅದು ಯಂತ್ರ ನಡೆಯುವಷ್ಟು ಕಾಲವೂ ಅಲ್ಲಿಯೇ ಕುಳಿತಿರುತ್ತದೆ. ದೊಡ್ಡ ಯಂತ್ರಕ್ಕೆ ಇದು ಲೆಕ್ಕವಲ್ಲ. ಕೆಲವೇ ಮೆಗಾಬೈಟುಗಳಲ್ಲಿ ಸಂಸಾರ ಸಾಗಿಸುವ ಪುಟ್ಟ ಜಾಲಸಾಧನಕ್ಕೆ ಇದೇ ದೊಡ್ಡ ಭಾರ. ಎರಡನೆಯದು ಸುರಕ್ಷತೆ. ಕಡತ ವ್ಯವಸ್ಥೆಯನ್ನು ಓದುವ ಕ್ರಮವಿಧಿಯಲ್ಲಿ ದೋಷವಿದ್ದರೆ, ದುರುದ್ದೇಶದಿಂದ ಅಂಕೆಗಳನ್ನು ತಿದ್ದಿ ಸಿದ್ಧಪಡಿಸಿದ ಒಂದು ಪೆನ್‌ಡ್ರೈವಿನಿಂದ ಇಡೀ ಯಂತ್ರವನ್ನು ವಶಪಡಿಸಿಕೊಳ್ಳಲು ಸಾಧ್ಯ. ಬಳಸದ ಬಾಗಿಲನ್ನು ಮನೆಗೆ ಇಡದಿರುವುದೇ ಲೇಸು.

ಮೂರು ಉತ್ತರಗಳು

ಲಿನಕ್ಸ್ ಕರ್ನಲ್ಲನ್ನು ಮೂಲಪಠ್ಯದಿಂದ ಕಟ್ಟುವ ಮುನ್ನ ಕಟ್ಟುವವನು ಒಂದು ದೊಡ್ಡ ಪ್ರಶ್ನಾವಳಿಗೆ ಉತ್ತರ ಕೊಡಬೇಕು. ಈ ಪ್ರಶ್ನಾವಳಿಯನ್ನು ನಿರೂಪಿಸುವ ಭಾಷೆಗೆ ಕೆ-ಕಾನ್ಫಿಗ್ ಎಂದು ಹೆಸರು. ಇದು ೨೦೦೨ರಲ್ಲಿ ಕರ್ನಲ್ಲಿಗೆ ಸೇರಿತು. ಕಡತ ವ್ಯವಸ್ಥೆಗಳಲ್ಲಿ ಹೆಚ್ಚಿನವಕ್ಕೆ ಮೂರು ಉತ್ತರಗಳುಂಟು. 'ವೈ' ಎಂದರೆ ಕರ್ನಲ್ಲಿನ ಮೈಯೊಳಗೇ ಬೆಸೆದಿರಲಿ ಎಂದರ್ಥ. 'ಎನ್' ಎಂದರೆ ಬೇಡವೇ ಬೇಡ. 'ಎಂ' ಎಂದರೆ ಬೇಕು, ಆದರೆ ಬೇರೆ ತುಂಡಾಗಿ ಡಿಸ್ಕಿನಲ್ಲಿರಲಿ, ಅಗತ್ಯ ಬಿದ್ದಾಗ ಕರ್ನಲ್ಲಿಗೆ ತಂದು ಸೇರಿಸೋಣ ಎಂದರ್ಥ. ಈ ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ.

ಉತ್ತರಗಳೆಲ್ಲ 'ಡಾಟ್ ಕಾನ್ಫಿಗ್' ಎಂಬ ಒಂದು ಸರಳ ಕಡತದಲ್ಲಿ ಸಾಲುಸಾಲಾಗಿ ದಾಖಲಾಗುತ್ತವೆ. ಇಲ್ಲೊಂದು ವಿಚಿತ್ರವುಂಟು. ಬೇಡವೆಂದ ಆಯ್ಕೆಯ ಸಾಲು 'ಹ್ಯಾಶ್' ಚಿಹ್ನೆಯಿಂದ ಆರಂಭವಾಗುತ್ತದೆ. ನೋಡಿದವರಿಗೆ ಅದು ಬರಿಯ ಟಿಪ್ಪಣಿಯಂತೆ ತೋರುತ್ತದೆ. ವಾಸ್ತವದಲ್ಲಿ ಅದೂ ಒಂದು ಉತ್ತರವೇ. ಕಸವೆಂದು ಅದನ್ನು ಅಳಿಸಿದರೆ ಕೆ-ಕಾನ್ಫಿಗ್ ಆ ಪ್ರಶ್ನೆಗೆ ಉತ್ತರವೇ ಬಂದಿಲ್ಲವೆಂದು ಭಾವಿಸಿ, ಮತ್ತೆ ಕೇಳುತ್ತದೆ ಅಥವಾ ತನ್ನ ರೂಢಿಯ ಉತ್ತರವನ್ನು ತುಂಬಿಕೊಳ್ಳುತ್ತದೆ.

ಮೇಲಿನ ಮಿತಿ, ಕೆಳಗಿನ ಮಿತಿ

ಆಯ್ಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇದನ್ನು ನಿಭಾಯಿಸಲು ಕೆ-ಕಾನ್ಫಿಗ್ ಒಂದು ಚಿಕ್ಕ ಗಣಿತವನ್ನು ಬಳಸುತ್ತದೆ. 'ಎನ್' ಎಂದರೆ ೦, 'ಎಂ' ಎಂದರೆ ೧, 'ವೈ' ಎಂದರೆ ೨. ಎರಡು ಷರತ್ತುಗಳು ಕೂಡಿ ಬರಬೇಕಾದಾಗ ಅವುಗಳಲ್ಲಿ ಚಿಕ್ಕ ಸಂಖ್ಯೆಯನ್ನೂ, ಎರಡರಲ್ಲೊಂದು ಸಾಕೆನ್ನುವಾಗ ದೊಡ್ಡ ಸಂಖ್ಯೆಯನ್ನೂ ತೆಗೆದುಕೊಳ್ಳಬೇಕು. ಅಲ್ಲವೆನ್ನಬೇಕಾದಾಗ ೨ರಿಂದ ಕಳೆಯಬೇಕು.

ಜೆಎಫ್‌ಎಫ್‌ಎಸ್-೨ ಎಂಬುದು ಫ್ಲಾಶ್ ಸ್ಮೃತಿಬಿಲ್ಲೆಗಳಿಗಾಗಿ ರಚಿಸಿದ ಕಡತ ವ್ಯವಸ್ಥೆ. ಅದು ಆ ಬಿಲ್ಲೆಗಳನ್ನು ನಡೆಸುವ ಎಂಟಿಡಿ ಎಂಬ ಅಂಗವನ್ನು ಅವಲಂಬಿಸಿದೆ. ಎಂಟಿಡಿಗೆ 'ಎನ್' ಎಂದಿದ್ದರೆ ಜೆಎಫ್‌ಎಫ್‌ಎಸ್-೨ರ ಪ್ರಶ್ನೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಎಂಟಿಡಿ 'ಎಂ' ಆಗಿದ್ದರೆ ಜೆಎಫ್‌ಎಫ್‌ಎಸ್-೨ ಸಹ ಹೆಚ್ಚೆಂದರೆ 'ಎಂ' ಆಗಬಹುದು, 'ವೈ' ಆಗಲಾರದು. ಮೈಯೊಳಗೆ ಬೆಸೆದ ಭಾಗವು ಇನ್ನೂ ಬಂದು ಸೇರದ ತುಂಡಿನ ಮೇಲೆ ನಿಲ್ಲಲಾರದಷ್ಟೆ. ಅಂದರೆ ಅವಲಂಬನೆಯು ಮೇಲಿನ ಮಿತಿಯನ್ನು ಗೊತ್ತುಪಡಿಸುತ್ತದೆ.

ಎಕ್ಸ್ಟ್-೪ರ ಸಂಬಂಧ ಇನ್ನೊಂದು ಬಗೆಯದು. ಅದನ್ನು ಆರಿಸಿದೊಡನೆ, ದಿನವಹಿಯ ಕೆಲಸ ಮಾಡುವ ಜೆಬಿಡಿ-೨ ಎಂಬ ಅಂಗ ಕೇಳದೆಯೇ ಆಯ್ಕೆಯಾಗುತ್ತದೆ. ಎಕ್ಸ್ಟ್-೪ 'ಎಂ' ಆದರೆ ಜೆಬಿಡಿ-೨ ಕಡಮೆಯೆಂದರೆ 'ಎಂ'. ಅದು 'ವೈ' ಆದರೆ ಇದೂ 'ವೈ'. ಹೀಗೆ ಬಲವಂತದ ಆಯ್ಕೆಯು ಕೆಳಗಿನ ಮಿತಿಯನ್ನು ಗೊತ್ತುಪಡಿಸುತ್ತದೆ. ಆದರೆ ಎಳೆದುತಂದ ಅಂಗಕ್ಕೆ ಬೇಕಾದ ಷರತ್ತುಗಳು ಪೂರೈಸಿವೆಯೇ ಎಂಬುದನ್ನು ಈ ಬಲವಂತವು ಲೆಕ್ಕಿಸುವುದಿಲ್ಲ. ಆದುದರಿಂದಲೇ ಕರ್ನಲ್ ಬರೆಯುವವರು ಇದನ್ನು ಮಿತವಾಗಿ ಬಳಸಬೇಕೆಂದು ಅದರ ಕೈಪಿಡಿ ಎಚ್ಚರಿಸುತ್ತದೆ.

ಕನ್ನಡದ ಹೆಸರುಗಳೇಕೆ ಮಾಯವಾಗುವುವು?

ನಿಯಮಗಳೆಲ್ಲ ಪೂರೈಸಿದರೂ ಆಯ್ಕೆ ಅಪೂರ್ಣವಾಗಿರಬಹುದು. ಫ್ಯಾಟ್ ವ್ಯವಸ್ಥೆಯೇ ಇದಕ್ಕೆ ಉದಾಹರಣೆ. ಪೆನ್‌ಡ್ರೈವಿನಲ್ಲಿ ಉದ್ದನೆಯ ಹೆಸರುಗಳು ಯೂನಿಕೋಡಿನಲ್ಲಿರುತ್ತವೆ. ಅವನ್ನು ತೋರಿಸಲು ಕರ್ನಲ್ ಒಂದು ಅಕ್ಷರಕೋಷ್ಟಕವನ್ನು ಬಳಸುತ್ತದೆ. ಫ್ಯಾಟನ್ನು ಆರಿಸಿದಾಗ ಕೋಷ್ಟಕಗಳನ್ನಿಡುವ ಚೌಕಟ್ಟು ತಾನಾಗಿ ಬರುತ್ತದೆ. ಕೋಷ್ಟಕಗಳನ್ನು ಮಾತ್ರ ನಾವೇ ಆರಿಸಬೇಕು. ಮರೆತರೆ ಎಲ್ಲವೂ ಸರಿಯಿದ್ದಂತೆ ಕಂಡರೂ ಪೆನ್‌ಡ್ರೈವ್ ತೆರೆಯುವುದಿಲ್ಲ.

ರೂಢಿಯ ಕೋಷ್ಟಕ ಐ.ಎಸ್.ಒ. ೮೮೫೯-೧, ಅದರಲ್ಲಿರುವುದು ಪಶ್ಚಿಮ ಯೂರೋಪಿನ ಅಕ್ಷರಗಳು. ಬೇರೆ ಸೂಚನೆಯಿಲ್ಲದೆ ಪೆನ್‌ಡ್ರೈವನ್ನು ಜೋಡಿಸಿದರೆ, ಕನ್ನಡದಲ್ಲಿ ಹೆಸರಿಟ್ಟ ಕಡತಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತವೆ. 'ಫ್ಯಾಟಿಗೆ ಯುಟಿಎಫ್-೮ ರೂಢಿಯಾಗಿರಲಿ' ಎಂಬ ಒಂದು ಆಯ್ಕೆಗೆ 'ವೈ' ಎಂದರೆ ಈ ತೊಡಕು ತೀರುತ್ತದೆ. ಪ್ರಸಂಗವಶಾತ್ ಇನ್ನೊಂದು ಮಾತು: ಎಕ್ಸ್ಟ್-೪ರಲ್ಲಿ ಹೆಸರಿನ ಮಿತಿ ೨೫೫ ಬೈಟುಗಳು. ಯುಟಿಎಫ್-೮ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. ಆದ್ದರಿಂದ ಅಲ್ಲಿ ಕನ್ನಡದ ಹೆಸರಿಗೆ ದೊರೆಯುವುದು ೮೫ ಸಂಕೇತಗಳು. ಒತ್ತಕ್ಷರ, ಸ್ವರಚಿಹ್ನೆಗಳೂ ಇದರಲ್ಲಿಯೇ ಅಡಗಬೇಕು.

ಪೆಟ್ಟಿಗೆಯೊಳಗಿನ ಬೀಗದಕೈ

ಈಗ ಮುಖ್ಯವಾದ ತೊಡಕಿಗೆ ಬರೋಣ. ಯಂತ್ರವನ್ನು ಚಾಲೂ ಮಾಡಿದಾಗ ಕರ್ನಲ್ ಮೊದಲು ಸ್ಮೃತಿಗೆ ಬರುತ್ತದೆ. ಬಳಿಕ ಅದು ಮೂಲ ಕಡತ ವ್ಯವಸ್ಥೆಯನ್ನು, ಎಂದರೆ ಉಳಿದ ಕ್ರಮವಿಧಿಗಳೆಲ್ಲ ಇರುವ ಡಿಸ್ಕಿನ ಭಾಗವನ್ನು, ತೆರೆಯಬೇಕು. ಆ ಭಾಗ ಎಕ್ಸ್ಟ್-೪ರಲ್ಲಿದೆಯೆನ್ನೋಣ. ಎಕ್ಸ್ಟ್-೪ಕ್ಕೆ ನಾವು 'ಎಂ' ಎಂದಿದ್ದರೆ ಅದನ್ನು ಓದುವ ಮಾಡ್ಯೂಲ್ ಎಲ್ಲಿದೆ? ಅದೇ ಡಿಸ್ಕಿನ ಮೇಲೆ! ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಯಿತು. ಮೂಲ ಕಡತ ವ್ಯವಸ್ಥೆಯನ್ನು ಜೋಡಿಸಲಾಗಲಿಲ್ಲವೆಂಬ ಸಾಲನ್ನು ತೆರೆಯ ಮೇಲೆ ಮೂಡಿಸಿ ಕರ್ನಲ್ ನಿಂತುಬಿಡುತ್ತದೆ. ಡಿಸ್ಕಿನಲ್ಲಿರುವ ಯಾವುದಕ್ಕೂ ಹಾನಿಯಾಗಿಲ್ಲ. ಆದರೂ ಯಂತ್ರ ಏಳುವುದಿಲ್ಲ.

ಇದಕ್ಕೆ ಪರಿಹಾರ ಎರಡು. ಎಕ್ಸ್ಟ್-೪ಕ್ಕೆ 'ವೈ' ಎನ್ನುವುದು ಒಂದು. ಬೀಗದಕೈಯನ್ನು ಕರ್ನಲ್ಲಿನ ಜತೆಯಲ್ಲಿಯೇ ಒಂದು ಕಿರುಗಂಟಿನಲ್ಲಿ ಕಳುಹಿಸುವುದು ಇನ್ನೊಂದು. ಈ ಗಂಟಿಗೆ ಇನಿಟ್‌ರಾಮ್‌ಎಫ್‌ಎಸ್ ಎನ್ನುತ್ತಾರೆ. ಕರ್ನಲ್ಲನ್ನು ಸ್ಮೃತಿಗೆ ತರುವ ಕ್ರಮವಿಧಿಯೇ ಇದನ್ನೂ ತರುತ್ತದೆ. ಕರ್ನಲ್ ಇದನ್ನು ತಾತ್ಕಾಲಿಕ ಮೂಲವಾಗಿ ಬಳಸಿ, ಇದರೊಳಗಿನ ಮಾಡ್ಯೂಲುಗಳನ್ನು ಸೇರಿಸಿಕೊಂಡು, ಬಳಿಕ ನಿಜವಾದ ಮೂಲವನ್ನು ತೆರೆಯುತ್ತದೆ. ನಾನಾ ಬಗೆಯ ಯಂತ್ರಗಳಿಗೆ ಒಂದೇ ಕರ್ನಲ್ಲನ್ನು ಹಂಚುವ ಸಂಸ್ಥೆಗಳು ಸಾಮಾನ್ಯವಾಗಿ ಹಿಡಿದಿರುವುದು ಈ ಮಾರ್ಗವನ್ನು. ಈ ಗಂಟನ್ನು ಬಿಚ್ಚುವ ವಿದ್ಯೆಯೂ ಒಂದು ಆಯ್ಕೆಯೇ ಎಂಬುದನ್ನು ಮರೆಯಬಾರದು.

ಎಕ್ಸ್ಟ್-೪ ಒಂದಿದ್ದರೂ ಸಾಲದು. ಡಿಸ್ಕನ್ನು ನಡೆಸುವ ಚಾಲಕ, ಡಿಸ್ಕಿನ ವಿಭಾಗಗಳ ಕೋಷ್ಟಕವನ್ನು ಓದುವ ಅಂಗ, ಡಿಸ್ಕಿಗೆ ಗೂಢಲಿಪಿಯ ಹೊದಿಕೆಯಿದ್ದರೆ ಅದನ್ನು ಬಿಡಿಸುವ ಅಂಗ, ಇವೂ ಕರ್ನಲ್ಲಿನಲ್ಲೋ ಗಂಟಿನಲ್ಲೋ ಇರಬೇಕು. ಸರಪಣಿಯ ಒಂದು ಕೊಂಡಿ ಕಳಚಿದರೂ ಫಲ ಒಂದೇ.

ಕಾಲ ಸರಿದಂತೆ

ಒಮ್ಮೆ ಕೊಟ್ಟ ಉತ್ತರಗಳು ಶಾಶ್ವತವಲ್ಲ. ಕರ್ನಲ್ಲಿನ ಹೊಸ ಆವೃತ್ತಿಯಲ್ಲಿ ಹೊಸ ಪ್ರಶ್ನೆಗಳು ಸೇರುತ್ತವೆ, ಹಳೆಯವು ಅಳಿಯುತ್ತವೆ. 'ಓಲ್ಡ್‌ಕಾನ್ಫಿಗ್' ಎಂಬ ಆಜ್ಞೆ ಹಳೆಯ ಉತ್ತರಗಳನ್ನು ಉಳಿಸಿಕೊಂಡು ಹೊಸ ಪ್ರಶ್ನೆಗಳನ್ನು ಮಾತ್ರ ಕೇಳುತ್ತದೆ. 'ಓಲ್ಡ್‌ಡೆಫ್‌ಕಾನ್ಫಿಗ್' ಎಂಬುದು ಅವನ್ನೂ ಕೇಳದೆ ರೂಢಿಯ ಉತ್ತರವನ್ನು ತುಂಬುತ್ತದೆ. ಅಳಿದುಹೋದ ಆಯ್ಕೆಯಾದರೆ, ಹೋಯಿತೆಂದು ಎಚ್ಚರಿಸುವವರು ಸಾಮಾನ್ಯವಾಗಿ ಇರುವುದಿಲ್ಲ.

೨೦೧೫ರಲ್ಲಿ ಎಕ್ಸ್ಟ್-೩ರ ಪ್ರತ್ಯೇಕ ಚಾಲಕವನ್ನು ತೆಗೆದುಹಾಕಿದಾಗ ಯಾರಿಗೂ ನಷ್ಟವಾಗಲಿಲ್ಲ. ಅದರ ಡಿಸ್ಕುಗಳನ್ನು ಎಕ್ಸ್ಟ್-೪ರ ಚಾಲಕವೇ ಓದಬಲ್ಲುದು. ರೈಸರ್‌ಎಫ್‌ಎಸ್‌ನ ಕಥೆ ಹಾಗಲ್ಲ. ೨೦೦೧ರಲ್ಲಿ ಸೇರಿದ್ದ ಅದನ್ನು ೨೦೨೫ರ ಜನವರಿಯಲ್ಲಿ ಹೊರಬಂದ ೬.೧೩ನೆಯ ಆವೃತ್ತಿಯಿಂದ ತೆಗೆದರು. ಅದರಲ್ಲಿ ಬರೆದ ಹಳೆಯ ಡಿಸ್ಕುಳ್ಳವರು ಹಳೆಯ ಕರ್ನಲ್ಲಿನಿಂದ ಅದನ್ನು ತೆರೆದು ಬೇರೆಡೆಗೆ ನಕಲು ಮಾಡಿಕೊಳ್ಳಬೇಕಾಗಿದೆ. ಎಕ್ಸ್‌ಎಫ್‌ಎಸ್‌ನ ನಾಲ್ಕನೆಯ ರೂಪಕ್ಕೂ ಗಡುವು ಸಾರಿದ್ದಾರೆ: ೨೦೩೦ರ ಸೆಪ್ಟೆಂಬರ್. ಆ ರೂಪದ ಕಾಲಗಣನೆ ೨೦೩೮ರ ಜನವರಿ ೧೯ನ್ನು ದಾಟಲಾರದು.

ಆಯ್ಕೆಯನ್ನು ಸುಲಭಗೊಳಿಸುವ ಉಪಾಯಗಳಲ್ಲಿಯೂ ಎಚ್ಚರ ಬೇಕು. 'ಲೋಕಲ್‌ಮಾಡ್‌ಕಾನ್ಫಿಗ್' ಎಂಬುದು ಆ ಕ್ಷಣದಲ್ಲಿ ಬಳಕೆಯಲ್ಲಿರುವ ಮಾಡ್ಯೂಲುಗಳನ್ನು ಉಳಿಸಿ ಉಳಿದವನ್ನು ಕೈಬಿಡುತ್ತದೆ. ಆಗ ಪೆನ್‌ಡ್ರೈವ್ ಸಿಕ್ಕಿಸಿರದಿದ್ದರೆ ಫ್ಯಾಟಿನ ಮಾಡ್ಯೂಲೇ ಕಾಣೆಯಾಗಬಹುದು. ಆದ್ದರಿಂದ ಈ ಆಜ್ಞೆಯನ್ನು ಕೊಡುವ ಮೊದಲು, ನಿತ್ಯ ಬಳಸುವ ಸಾಧನಗಳನ್ನೆಲ್ಲ ಒಮ್ಮೆ ಜೋಡಿಸಿ ತೆರೆದು ನೋಡತಕ್ಕದ್ದು.

ಅನುಸರಿಸಬೇಕಾದ ಕ್ರಮ

ಸ್ವಂತ ಕರ್ನಲ್ ಕಟ್ಟಬಯಸುವವರಿಗೆ ಇದರಿಂದ ಒಂದು ಕ್ರಮ ಹೊರಡುತ್ತದೆ. ಮೊದಲು ತಮ್ಮ ಡಿಸ್ಕಿನ ಪ್ರತಿಯೊಂದು ಭಾಗವೂ ಯಾವ ಕಡತ ವ್ಯವಸ್ಥೆಯಲ್ಲಿದೆಯೆಂದು ಬರೆದುಕೊಳ್ಳಬೇಕು. ಕಪಾಟಿನಲ್ಲಿರುವ ಹಳೆಯ ಡಿಸ್ಕುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂಲ ಕಡತ ವ್ಯವಸ್ಥೆಗೂ ಅದರ ದಾರಿಯಲ್ಲಿರುವ ಕೊಂಡಿಗಳಿಗೂ 'ವೈ' ಎನ್ನಬೇಕು, ಇಲ್ಲವೆ ಅವು ಕಿರುಗಂಟಿನಲ್ಲಿ ಸೇರಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಎಂದಾದರೊಮ್ಮೆ ಬೇಕಾಗುವವಕ್ಕೆ 'ಎಂ', ಎಂದಿಗೂ ಬೇಡವಾದವಕ್ಕೆ 'ಎನ್' ಸಾಕು. ಉತ್ತರಗಳ ಕಡತದ ಹಳೆಯ ಪ್ರತಿಯೊಂದನ್ನು ಕಾದಿಟ್ಟು, ಹೊಸದರೊಡನೆ ಹೋಲಿಸಿ, ಏನು ಬದಲಾಯಿತೆಂದು ಪ್ರತಿ ಬಾರಿಯೂ ಓದಬೇಕು. ಹೊಸ ಕರ್ನಲ್ ಒಂದೆರಡು ಬಾರಿ ನೆಟ್ಟಗೆ ಎದ್ದು ನಿಲ್ಲುವವರೆಗೆ ಹಳೆಯದನ್ನು ಆರಂಭದ ಪಟ್ಟಿಯಿಂದ ತೆಗೆಯಬಾರದು.

ಪ್ರಶ್ನಾವಳಿ ಎಷ್ಟೇ ದೊಡ್ಡದಾಗಿದ್ದರೂ ಅದರ ಪ್ರತಿಯೊಂದು ಪ್ರಶ್ನೆಯ ಜತೆಗೂ ಸಾಮಾನ್ಯವಾಗಿ ಒಂದು ಚಿಕ್ಕ ವಿವರಣೆಯಿರುತ್ತದೆ. ಅದನ್ನು ಓದಿ ಉತ್ತರ ಕೊಡುವವನಿಗೆ ತನ್ನ ಯಂತ್ರದ ಒಳಗುಟ್ಟು ಕ್ರಮೇಣ ಅರಿವಾಗುತ್ತದೆ. ತಾನು ಬರೆದಿಟ್ಟದ್ದನ್ನು ಹತ್ತು ವರ್ಷಗಳ ಮೇಲೂ ತೆರೆದು ಓದಬೇಕೆಂಬ ಆಸೆಯುಳ್ಳ ಯಾರಿಗೂ ಈ ಪರಿಶ್ರಮ ವ್ಯರ್ಥವಾಗದು.