ಪುಟ್ಟ ಫ್ಯೂಷನ್ ಲ್ಯಾಬ್ ಕಲಿಸಿದ ಆರು ಪಾಠಗಳು

ಪ್ಲಾಸ್ಮಾ ಫೋಕಸ್ ಯಂತ್ರಕ್ಕೆ ಒಂದು ಕೋಣೆ ಸಾಕು. ಕೆಪಾಸಿಟರ್‌ನಲ್ಲಿ ತುಂಬಿಟ್ಟ ವಿದ್ಯುತ್ತನ್ನು ಡ್ಯುಟೀರಿಯಂ ಅನಿಲದೊಳಗೆ ಒಮ್ಮೆಲೇ ಹರಿಸಿದರೆ ಅನಿಲ ಕಾದು ಪ್ಲಾಸ್ಮಾ ಆಗಿ, ಆ ಕರೆಂಟಿನದೇ ಕಾಂತಕ್ಷೇತ್ರದ ಬಿಗಿತಕ್ಕೆ ಸಿಕ್ಕಿ ಹಿಂಡಿಕೊಳ್ಳುತ್ತದೆ. ಅಲ್ಲಿ ಫ್ಯೂಷನ್ ನಡೆದು ನ್ಯೂಟ್ರಾನ್‌ಗಳು ಹೊಮ್ಮುತ್ತವೆ. ಇಂಥ ಯಂತ್ರದ ಜೊತೆ ದುಡಿಯುತ್ತ ಕಲಿತದ್ದನ್ನು ಈ ಹಾದಿಗೆ ಬರುವ ಎಳೆಯರಿಗಾಗಿ ಬರೆದಿಡುತ್ತಿದ್ದೇನೆ.

1. ಚಿಕ್ಕದೆಂದು ಅಳುಕಬೇಡಿ.
1980ರ ದಶಕದಲ್ಲಿ ಮಲೇಷ್ಯಾದಲ್ಲಿ ಭೌತವಿಜ್ಞಾನಿ ಸಿಂಗ್ ಲೀ ಅವರ ತಂಡ ಒಂದೇ ಕೆಪಾಸಿಟರ್‌ನಿಂದ ನಡೆಯುವ, ಸುಮಾರು 3 ಕಿಲೋಜೌಲ್‌ನ ಯಂತ್ರ ರೂಪಿಸಿತು. ಭಾರತ, ಪಾಕಿಸ್ತಾನ, ಈಜಿಪ್ಟ್ ಮೊದಲಾದ ದೇಶಗಳ ಸಂಶೋಧಕರ ಕೈಗೆ ಅದು ಬಂತು. ದೆಹಲಿ ವಿಶ್ವವಿದ್ಯಾಲಯದಲ್ಲೂ ನೆಲೆಯಾಯಿತು. ಒಂದು ಶಾಟ್‌ಗೆ ಸುಮಾರು ಹತ್ತು ಕೋಟಿ ನ್ಯೂಟ್ರಾನ್ ಕೊಡುವ ಯಂತ್ರ ಅದು.

2. ನ್ಯೂಟ್ರಾನ್ ಎಣಿಸಿದರೆ ಸಾಲದು.
1958ರ ಜನವರಿಯಲ್ಲಿ ಬ್ರಿಟನ್ನಿನ ಹಾರ್ವೆಲ್‌ನ ಝೀಟಾ ಯಂತ್ರ ಫ್ಯೂಷನ್ ಸಾಧಿಸಿತೆಂದು ಜಗತ್ತೆಲ್ಲ ಸುದ್ದಿಯಾಯಿತು. ಕೆಲವೇ ತಿಂಗಳಲ್ಲಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ನ್ಯೂಟ್ರಾನ್ ಬಂದದ್ದು ನಿಜ. ಆದರೆ ಪ್ಲಾಸ್ಮಾ ಇಡಿಯಾಗಿ ಕಾದದ್ದರಿಂದಲ್ಲ, ಅದರ ಅಸ್ಥಿರತೆಯಿಂದ ವೇಗ ಪಡೆದ ಅಯಾನುಗಳಿಂದ. ಹಾಗಾಗಿ ಡಿಟೆಕ್ಟರ್‌ಗಳನ್ನು ಯಂತ್ರದ ಅಕ್ಷದ ನೇರಕ್ಕೂ ಅಡ್ಡಕ್ಕೂ ಇಟ್ಟು, ನ್ಯೂಟ್ರಾನ್‌ಗಳ ಶಕ್ತಿಯಲ್ಲಿ ವ್ಯತ್ಯಾಸವಿದೆಯೇ ನೋಡಿ; ಇದ್ದರೆ ಅವು ಹೀಗೆ ವೇಗ ಪಡೆದ ಅಯಾನುಗಳಿಂದ ಬಂದಿರಬಹುದು.

3. ಗ್ರಾಫಿನ ಗೆರೆಯನ್ನು ಆಸೆಯಿಂದ ಉದ್ದ ಮಾಡಬೇಡಿ.
ಸಣ್ಣ ಯಂತ್ರಗಳಲ್ಲಿ ಶಕ್ತಿ ದುಪ್ಪಟ್ಟಾದರೆ ನ್ಯೂಟ್ರಾನ್ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗೇ ದೊಡ್ಡದು ಮಾಡುತ್ತ ಹೋದರೆ ಸಾಕೆಂದು ನಂಬಿದ್ದವರಿಗೆ ಲಕ್ಷಾಂತರ ಜೌಲ್‌ನ ಯಂತ್ರಗಳು ನಿರಾಸೆ ತಂದವು. ಚಲಿಸುವ ಪ್ಲಾಸ್ಮಾವೇ ಒಡ್ಡುವ ತಡೆಯಿಂದಾಗಿ ಕರೆಂಟು ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂದು ವಿವರಿಸಿದವರೂ ಸಿಂಗ್ ಲೀ ಅವರೇ.

4. ಶುಚಿಗೆ ಹಣ ತೆಗೆದಿಡಿ.
ಅಮೆರಿಕದ ನ್ಯೂಜೆರ್ಸಿಯ ಪುಟ್ಟ ಸಂಸ್ಥೆ ಎಲ್‌ಪಿಪಿಫ್ಯೂಷನ್ ಸಾರ್ವಜನಿಕರಿಂದಲೂ ಹಣ ಕೂಡಿಸಿ ಪ್ಲಾಸ್ಮಾ ಫೋಕಸ್ ನಡೆಸುತ್ತ ಬಂದಿದೆ. ಇಲೆಕ್ಟ್ರೋಡ್‌ನಿಂದ ಕಿತ್ತುಬರುವ ಲೋಹದ ಜೊತೆ ಸೆಣಸುವುದರಲ್ಲೇ ಅವರ ಎಷ್ಟೋ ವರ್ಷ ಹೋಯಿತು. ತಾಮ್ರ ಬಿಟ್ಟು ಟಂಗ್‌ಸ್ಟನ್‌ಗೆ, ಅದನ್ನೂ ಬಿಟ್ಟು ಬೆರಿಲಿಯಂಗೆ ಹೋದರು. ಭಾರದ ಪರಮಾಣುಗಳು ಪ್ಲಾಸ್ಮಾಕ್ಕೆ ಬೆರೆತರೆ ಕಾವೆಲ್ಲ ಎಕ್ಸ್‌-ರೇ ಆಗಿ ಸೋರಿಹೋಗುತ್ತದೆ. ಪಂಪು, ಸೀಲು, ಇಲೆಕ್ಟ್ರೋಡ್‌ಗಳ ಖರ್ಚನ್ನು ‘ಇತರೆ’ ಕಾಲಂಗೆ ತಳ್ಳಬೇಡಿ. ಫಲಿತಾಂಶ ನಿಂತಿರುವುದೇ ಅವುಗಳ ಮೇಲೆ.

5. ಅರ್ಧಕ್ಕೆ ನಿಂತ ಪ್ರಯೋಗವೇ ಎಲ್ಲಕ್ಕಿಂತ ದುಬಾರಿ.
ಭೌತವಿಜ್ಞಾನಿ ರಾಬರ್ಟ್ ಬಸಾರ್ಡ್ ಅವರ ಪಾಲಿವೆಲ್ ಎಂಬ ಫ್ಯೂಷನ್ ಯಂತ್ರದ ಯೋಜನೆಗೆ ಅಮೆರಿಕದ ನೌಕಾಪಡೆ ವರ್ಷಗಟ್ಟಲೆ ಹಣ ಕೊಟ್ಟಿತ್ತು. 2005ರಲ್ಲಿ ಹಣ ನಿಂತು ಲ್ಯಾಬ್ ಮುಚ್ಚುವ ಹೊತ್ತಿಗೆ ಡಬ್ಲ್ಯೂಬಿ-6 ಯಂತ್ರದಲ್ಲಿ ಅವಸರದ ಕೆಲವೇ ಪ್ರಯೋಗ ನಡೆದವು; ಕಾಯಿಲ್ ಸುಟ್ಟುಹೋಯಿತು. ಎಣಿಕೆಗೆ ಸಿಕ್ಕ ನ್ಯೂಟ್ರಾನ್‌ಗಳು ತೀರ ಕಡಿಮೆ. ಅಷ್ಟರಿಂದ ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು. 2007ರಲ್ಲಿ ಹಣ ಮತ್ತೆ ಬಂತು. ಅದೇ ವರ್ಷ ಬಸಾರ್ಡ್ ತೀರಿಕೊಂಡರು. ಸೋತ ಪ್ರಯೋಗವೂ ಒಂದು ಉತ್ತರ ಕೊಡುತ್ತದೆ, ನಡುವೆ ನಿಂತದ್ದು ಕೊಡುವುದಿಲ್ಲ.

6. ಹಣ ಕೇಳುವಾಗ ಒಂದೇ ಪ್ರಶ್ನೆಗೆ ಕೇಳಿ, ಪೂರ್ತಿ ಕೇಳಿ.
ಇಷ್ಟು ವರ್ಷದಲ್ಲಿ ಮನೆಮನೆಗೆ ಫ್ಯೂಷನ್ ವಿದ್ಯುತ್ ಎಂದು ಬರೆದರೆ ಗ್ರಾಂಟ್ ಬೇಗ ಸಿಗಬಹುದು, ಗಡುವು ಮೀರಿದ ದಿನ ನಂಬಿಕೆ ಹೋಗುತ್ತದೆ. ಖಾಸಗಿ ಬಂಡವಾಳಕ್ಕೂ ತಾಳ್ಮೆ ಕಡಿಮೆ: ಕೆನಡಾದ ಜನರಲ್ ಫ್ಯೂಷನ್ ಕಂಪನಿ ಹೊಸ ಯಂತ್ರ ಚಾಲೂ ಮಾಡಿದ 2025ರಲ್ಲೇ ಹಣ ಸಾಲದೆ ಸುಮಾರು ಕಾಲುಭಾಗ ಸಿಬ್ಬಂದಿಯನ್ನು ಬಿಡಬೇಕಾಯಿತು. ಆದ್ದರಿಂದ ಪ್ರಪೋಸಲ್‌ನಲ್ಲಿ ಅಳೆದು ಉತ್ತರಿಸಬಹುದಾದ ಒಂದು ಪ್ರಶ್ನೆ ಇಡಿ; ಅದಕ್ಕೆ ಬೇಕಾದ ಅಷ್ಟೂ ಶಾಟ್, ಬಿಡಿಭಾಗ, ಟೆಕ್ನಿಷಿಯನ್ ಸಂಬಳ ಸೇರಿಸಿ ಲೆಕ್ಕ ಕೊಡಿ. ಕೊಡುವವರಲ್ಲೂ ನನ್ನದೊಂದು ಬೇಡಿಕೆ: ಹತ್ತು ಲ್ಯಾಬ್‌ಗಳಿಗೆ ಅರೆಬರೆ ಹಂಚುವ ಬದಲು, ಆರಿಸಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೈಬಿಡಬೇಡಿ.