ದಿನದ ಧಮ್ಮ ಚಿಂತನೆ: ತನ್ನ ಲೋಕದಲ್ಲೇ ಕತೆಯಾದ ನಾಯಕ



ಇವತ್ತಿನ ಚಿಂತನೆ ಎಂದಿನ ಹಾಗೆ ನಾಲ್ಕು ಸಾಲಿನದಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಓದಲಾಗದಿದ್ದರೆ ರಾತ್ರಿ ಊಟ ಮುಗಿಸಿ ಓದಿ. ಕಳೆದ ಭಾನುವಾರ ಕಾಮಾಕ್ಷಿಪಾಳ್ಯದ ನಮ್ಮ ಓದಿನ ಕೂಟದಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ತಕ್ಷಣ ಉತ್ತರ ಹೊಳೆಯದೆ "ಗ್ರೂಪಲ್ಲಿ ಬರೆದು ಹಾಕ್ತೀನಿ" ಅಂತ ತಪ್ಪಿಸಿಕೊಂಡಿದ್ದೆ. ಆ ಸಾಲ ತೀರಿಸುತ್ತಿದ್ದೇನೆ.

ಬರಲಾಗದವರಿಗಾಗಿ ಸ್ವಲ್ಪ ಹಿನ್ನೆಲೆ. ತಿಸರಣ, ಪಂಚಶೀಲ ಆದ ಮೇಲೆ 'ಮಿಲಿಂದ ಪ್ರಶ್ನೆ'ಯ ರಥದ ಪ್ರಸಂಗ ಓದಿದೆವು. ಮಿಲಿಂದ ಅಂದರೆ ಕ್ರಿ.ಪೂ. 2ನೇ ಶತಮಾನದ ಗ್ರೀಕ್ ದೊರೆ ಮಿನಾಂಡರ್. ಅವನು ಭಿಕ್ಖು ನಾಗಸೇನರ ಹೆಸರು ಕೇಳುತ್ತಾನೆ. "ನಾಗಸೇನ ಅಂತ ಕರೀತಾರೆ, ಆದರೆ ಅದು ಕರೆಯಲಿಕ್ಕೆ ಇಟ್ಟುಕೊಂಡ ಹೆಸರು ಅಷ್ಟೆ, ಹುಡುಕಿದರೆ ಒಳಗೆ ಬದಲಾಗದ ಒಬ್ಬ 'ನಾನು' ಸಿಗುವುದಿಲ್ಲ" ಎಂಬರ್ಥದಲ್ಲಿ ನಾಗಸೇನರು ಉತ್ತರಿಸುತ್ತಾರೆ. ನೀನು ಬಂದ ರಥ ಯಾವುದು, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ರಾಜನನ್ನೇ ತಿರುಗಿ ಕೇಳುತ್ತಾರೆ.

ಇಷ್ಟು ಓದುವಷ್ಟರಲ್ಲಿ ಪಿಯುಸಿ ಹುಡುಗ ಕೈ ಎತ್ತಿದ. "ಮಿಸ್, ಇದು ಯುಐ ಸಿನಿಮಾ ಥರಾನೇ ಅಲ್ವಾ? ಹೀರೋ ಇರೋ ಪ್ರಪಂಚದಲ್ಲೇ ಹೀರೋ ಒಂದು ಕತೆ!" ಎಲ್ಲರೂ ನಕ್ಕರು. ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅಕ್ಕ ಒಬ್ಬರು ನಗಲಿಲ್ಲ. "ನಾನು ಅನ್ನೋದೇ ಕತೆ ಅಂದ್ಮೇಲೆ, ನನಗಾದ ಅವಮಾನಾನೂ ಕತೇನಾ ಮೇಡಂ?" ಅಂದರು.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಎರಡು ತಿಂಗಳ ಹಿಂದೆ ಅವರು ಬಾಡಿಗೆ ಮನೆ ನೋಡಿ, ಅಡ್ವಾನ್ಸ್ ಕೊಟ್ಟು, ಟೆಂಪೋದಲ್ಲಿ ಸಾಮಾನು ತಂದಿದ್ದರು. ಬೀರು ಇಳಿಯಿತು, ಸ್ಟೌ ಇಳಿಯಿತು, ಆಮೇಲೆ ಬಾಬಾಸಾಹೇಬರ ಫೋಟೋ ಇಳಿಯಿತು. ಸಂಜೆ ಓನರ್ ಬಂದು "ನಮ್ಮ ಮಗ ವಾಪಸ್ ಬರ್ತಾ ಇದಾನಮ್ಮ, ಮನೆ ಬೇಕಾಗಿದೆ" ಅಂತ ಅಡ್ವಾನ್ಸ್ ಕೈಗಿಟ್ಟರು. ಮಗ ಬರಲಿಲ್ಲ. ಮನೆಗೆ ಬೇರೆಯವರು ಬಂದರು.

ಮೊದಲು ಹುಡುಗನ ಮಾತಿಗೆ ಬರುತ್ತೇನೆ. ಅವನು ಹೇಳಿದ್ದು ತಮಾಷೆಯ ಮಾತಾಗಿರಲಿಲ್ಲ. 2024ರ ಡಿಸೆಂಬರ್ 20ರಂದು ಬಿಡುಗಡೆಯಾದ 'ಯುಐ', 2015ರ 'ಉಪ್ಪಿ 2' ಆದ ಮೇಲೆ ಉಪೇಂದ್ರ ನಿರ್ದೇಶಿಸಿದ ಸಿನಿಮಾ. ಅದರ ಲೋಕದಲ್ಲೇ 'ಯುಐ' ಅನ್ನುವ ಸಿನಿಮಾ ಬಿಡುಗಡೆಯಾಗಿದೆ. ನೋಡಿದವರಲ್ಲಿ ಕೆಲವರಿಗೆ ತಲೆ ಕೆಟ್ಟಿದೆ. ಒಬ್ಬ ವಿಮರ್ಶಕ, ಮುರಳಿ ಶರ್ಮಾ ಮಾಡಿರುವ ಪಾತ್ರ, ವಿಮರ್ಶೆ ಬರೆಯಲಾಗದೆ ಒದ್ದಾಡಿ ನಿರ್ದೇಶಕ ಉಪೇಂದ್ರನ ಮನೆ ಬಾಗಿಲಿಗೇ ಹೋಗುತ್ತಾನೆ. ಸತ್ಯ, ಕಲ್ಕಿ ಅನ್ನುವ ಇಬ್ಬರ ಕತೆ ನಮಗೆ ಸಿಗುವುದು ಅವನ ಆ ಹುಡುಕಾಟದಿಂದ. ಆ ಎರಡೂ ಪಾತ್ರ ಉಪೇಂದ್ರ ಅವರದೇ. ಅಂದರೆ ನಾವು ಟಿಕೆಟ್ ಕೊಟ್ಟು ನೋಡುವ ನಾಯಕ, ಆ ಸಿನಿಮಾದೊಳಗಿನ ಜನಕ್ಕೂ ಸಿನಿಮಾ ನಾಯಕನೇ. (ಸಿನಿಮಾ ನನಗೆ ಪೂರ್ತಿ ಹಿಡಿಸಲಿಲ್ಲ. ಗದ್ದಲ ಹೆಚ್ಚು. ಆದರೆ ಈ ಏರ್ಪಾಡು ಹಿಡಿಸಿತು.)

ಈ ಏರ್ಪಾಡಿಗೆ ಹಳೆಯ ಒಂದು ಉದಾಹರಣೆ ಅಮೆರಿಕದ ಕಾಮಿಕ್ಸ್‌ನಲ್ಲಿದೆ. 'ಫ್ಲ್ಯಾಶ್' ಅಂದರೆ ಮಿಂಚಿನ ವೇಗದಲ್ಲಿ ಓಡುವವನು, ಮಕ್ಕಳಿಗೆಲ್ಲ ಗೊತ್ತು. ಮೊದಲನೆಯ ಫ್ಲ್ಯಾಶ್, ಜೇ ಗ್ಯಾರಿಕ್, ಬಂದದ್ದು 1940ರಲ್ಲಿ. ಆ ಪುಸ್ತಕ 1949ಕ್ಕೆ ನಿಂತಿತು. ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ 1956ರಲ್ಲೇ ಎರಡನೆಯ ಫ್ಲ್ಯಾಶ್ ಬಂದ, ಹೆಸರು ಬ್ಯಾರಿ ಆಲೆನ್. ಅವನ ಮೊದಲ ಕತೆಯಲ್ಲೇ ಅವನು ಕೂತು ಓದುತ್ತಿರುವುದು ಹಳೆಯ ಫ್ಲ್ಯಾಶ್ ಕಾಮಿಕ್ಸ್. ಅವನ ಲೋಕದಲ್ಲಿ ಜೇ ಗ್ಯಾರಿಕ್ ಅಚ್ಚಾದ ಒಂದು ಪಾತ್ರ ಮಾತ್ರ. ತನ್ನ ಹೆಸರನ್ನೂ ಬ್ಯಾರಿ ಆ ಪುಸ್ತಕದಿಂದಲೇ ತೆಗೆದುಕೊಳ್ಳುತ್ತಾನೆ.

1961ರಲ್ಲಿ ಗಾರ್ಡ್ನರ್ ಫಾಕ್ಸ್ ಒಂದು ಕತೆ ಬರೆದರು. ಬ್ಯಾರಿ ಮಕ್ಕಳ ಮುಂದೆ ಚಮತ್ಕಾರ ತೋರಿಸುತ್ತಾ ತನ್ನ ದೇಹವನ್ನು ವಿಪರೀತ ವೇಗದಲ್ಲಿ ಕಂಪಿಸಿ, ಇನ್ನೊಂದು ಭೂಮಿಗೆ ಬಿದ್ದುಬಿಡುತ್ತಾನೆ. ಊರಿನ ಹೆಸರು ನೋಡಿದರೆ ಬಾಲ್ಯದಲ್ಲಿ ಓದಿದ ಕಾಮಿಕ್ಸಿನ ಊರು. ಆಗ ಅವನು ಮಾಡುವ ಕೆಲಸ ನನಗೆ ಬಹಳ ಇಷ್ಟ. ಟೆಲಿಫೋನ್ ಡೈರೆಕ್ಟರಿ ತೆಗೆದು ಜೇ ಗ್ಯಾರಿಕ್ ವಿಳಾಸ ಹುಡುಕುತ್ತಾನೆ. ವಿಳಾಸ ಇದೆ! ಹೋಗಿ ಬಾಗಿಲು ತಟ್ಟಿದರೆ ಮನುಷ್ಯ ಮನೆಯಲ್ಲೇ ಇದ್ದಾನೆ. ವಯಸ್ಸಾಗಿದೆ, ಮದುವೆಯಾಗಿದೆ, ಓಡುವ ಕೆಲಸ ಬಿಟ್ಟು ನೆಮ್ಮದಿಯಾಗಿದ್ದಾನೆ. ಕಾಮಿಕ್ಸ್ ನಿಂತ ಮೇಲೂ ಅವನ ಬದುಕು ನಿಂತಿರಲಿಲ್ಲ. ಕಾಮಿಕ್ಸ್ ಬರೆದವನ ಕನಸಿಗೆ ಈ ಲೋಕ ಹೇಗೋ ತಾಕಿರಬೇಕು, ಅವನು ಅದನ್ನು ಕತೆ ಅಂದುಕೊಂಡು ಬರೆದಿರಬೇಕು ಎಂದು ಬ್ಯಾರಿ ಊಹಿಸುತ್ತಾನೆ.

ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಯ ಸ್ಟಾಫ್‌ರೂಮು ಈ ಕತೆಯಿಂದ ನೆನಪಾಗುತ್ತದೆ. ಸಹೋದ್ಯೋಗಿಯೊಬ್ಬರು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿ ಮುಗಿಸಿ, ಕಣ್ಣು ಒದ್ದೆ ಮಾಡಿಕೊಂಡು, ನನ್ನ ಕಡೆ ತಿರುಗಿ "ಪಾಪ, ಆಗೆಲ್ಲ ಹಂಗಿತ್ತು ಅಲ್ವಾ ಮೇಡಂ? ಈಗ ಎಲ್ಲಿದೆ ಬಿಡಿ" ಅಂದರು. ನನ್ನ ಟೀ ಲೋಟ ಯಾವುದು ಅಂತ ಆ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಬೇರೆ ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. ಪುಸ್ತಕದ ಪಾತ್ರಕ್ಕೆ ಅತ್ತವರಿಗೆ, ಆ ಪಾತ್ರದ ಮನೆ ವಿಳಾಸ ಡೈರೆಕ್ಟರಿಯಲ್ಲಿದೆ, ಎದುರಿನ ಕುರ್ಚಿಯಲ್ಲೇ ಇದೆ ಅಂತ ಹೊಳೆಯಲಿಲ್ಲ.

ಕನ್ನಡ ಎಂ.ಎ. ಮಾಡಿದ ಚಟ, ಪಂಪನನ್ನು ಬಿಟ್ಟು ಮುಂದೆ ಹೋಗಲಾರೆ. 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿ ಬರೆದ. ಬದುಕಿರುವ ದೊರೆ ತನ್ನ ಆಸ್ಥಾನದಲ್ಲೇ ಮಹಾಭಾರತದ ನಾಯಕನಾದ. ರನ್ನ ಸತ್ಯಾಶ್ರಯನನ್ನು ಭೀಮನಾಗಿಸಿದ. ಹತ್ತನೆಯ ಶತಮಾನದಲ್ಲೇ ನಮ್ಮಲ್ಲಿ ಇದು ನಡೆದಿದೆ. ಕವಿಯನ್ನು ಸಾಕಬಲ್ಲವನಿಗೆ ಒಳ್ಳೆಯ ಪಾತ್ರ ಸಿಕ್ಕಿತು. ಸಾಕಲಾಗದವರ ಪಾತ್ರವನ್ನು ಬೇರೆ ಯಾರೋ ಬರೆದರು: ಹೋದ ಜನ್ಮದಲ್ಲಿ ಪಾಪ ಮಾಡಿದ್ದೆ, ಅದಕ್ಕೆ ಈ ಕೇರಿಯಲ್ಲಿ ಹುಟ್ಟಿದೆ. ಹೋದ ಜನ್ಮವನ್ನು ಯಾರೂ ನೋಡಿಲ್ಲ, ಆದರೂ ಅಜ್ಜಿಯಂದಿರು ಅದನ್ನೇ ನಂಬಿ ಸತ್ತರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಈ ಕತೆಯ ಉಪಯೋಗ ಏನೆಂದು ನೇರವಾಗಿ ಕೇಳುತ್ತಾರೆ. ಬಡವರ, ದೀನರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ಹೊರದೆ ತಪ್ಪಿಸಿಕೊಳ್ಳಲಿಕ್ಕೆ ಮಾತ್ರ ಎಂಬುದು ಅವರ ಉತ್ತರ. ಅವರ ಮೊದಲ ಪತ್ರಿಕೆಯ ಹೆಸರು ನೆನಪಿದೆಯಲ್ಲ? 1920ರ ಜನವರಿ 31ರ 'ಮೂಕನಾಯಕ'. ನಾಯಕ ಇದ್ದಾನೆ, ಅವನಿಗೆ ಯಾರೂ ಡೈಲಾಗ್ ಬರೆದಿಲ್ಲ.

ಭಗವಾನ್ ಬುದ್ಧರಿಗೂ ಇದೇ ಆಯಿತು. ಎಂಬತ್ತು ವರ್ಷ ಬದುಕಿ, ನಡೆದು, ಕುಸಿನಾರದಲ್ಲಿ ತೀರಿಕೊಂಡ ಮನುಷ್ಯನನ್ನು ಬೇರೆಯವರ ಪುರಾಣದಲ್ಲಿ ಒಂಬತ್ತನೆಯ ಅವತಾರ ಮಾಡಿದರು. 12ನೇ ಶತಮಾನದ ಜಯದೇವನ 'ಗೀತಗೋವಿಂದ'ದ ಹತ್ತರ ಪಟ್ಟಿಯಲ್ಲೂ ಬುದ್ಧ ಇದ್ದಾರೆ. ಪಟ್ಟಿಯಲ್ಲಿ ಅವರ ನಂತರದವನು ಕಲ್ಕಿ. ಬುದ್ಧರು ಹುಟ್ಟಿದ ನೆಲದಲ್ಲೇ ಬುದ್ಧರು ಇನ್ನೊಬ್ಬರ ಕತೆಯ ಪಾತ್ರ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಐದನೆಯದು ಇದಕ್ಕೇ ಮೀಸಲು: ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಾನು ನಂಬುವುದಿಲ್ಲ. ನಾವು ಅದನ್ನು ಬೇಗ ಬೇಗ ಹೇಳಿ ಮುಂದೆ ಹೋಗುತ್ತೇವೆ.

ಪ್ರಾಮಾಣಿಕವಾಗಿ ಹೇಳಬೇಕಾದರೆ ನಮ್ಮ ಕಡೆಯವರೂ ಈ ಕೆಲಸ ಮಾಡಿದ್ದಾರೆ. ದಶರಥ ಜಾತಕ ತೆಗೆದು ನೋಡಿ. ಅಲ್ಲಿ ರಾಮ ಬೋಧಿಸತ್ವ, ಬುದ್ಧರ ಹಿಂದಿನ ಒಂದು ಹುಟ್ಟು. ಅವರ ನಾಯಕ ನಮ್ಮ ಕತೆಯಲ್ಲಿ ಪಾತ್ರ.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲರಿಗೂ ಸಂತೋಷ. ಆದರೆ ಇದೇ ಗ್ರೂಪಿನಲ್ಲಿ ಹೋದ ವಾರ ಒಂದು ಫಾರ್ವರ್ಡ್ ಬಂತು. ಬಾಬಾಸಾಹೇಬರಿಗೆ ಇಷ್ಟು ಡಿಗ್ರಿ, ಇಷ್ಟು ಭಾಷೆ, 64 ವಿಷಯದಲ್ಲಿ ಪಾಂಡಿತ್ಯ, ಪ್ರಪಂಚದಲ್ಲೇ ನಂಬರ್ ಒನ್ ಅಂತ. ನಲವತ್ತು ಜನ ಕೈಮುಗಿದ ಚಿತ್ರ ಹಾಕಿದಿರಿ. ಯಾರು ಎಣಿಸಿದರು, ಎಲ್ಲಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಕೊಲಂಬಿಯಾದ ಪಿಎಚ್‌ಡಿ, ಲಂಡನ್ನಿನ ಡಿಎಸ್‌ಸಿ, ಗ್ರೇಸ್ ಇನ್‌ನ ಬ್ಯಾರಿಸ್ಟರ್ ಪದವಿ, ಸಂವಿಧಾನ ಕರಡು ಸಮಿತಿಯ ಅಧ್ಯಕ್ಷತೆ ಇವೆಲ್ಲ ದಾಖಲೆಯಲ್ಲಿವೆ. ಇದು ನಮಗೆ ಸಾಲದೆ ಕಾಮಿಕ್ಸ್ ಬೇಕಾಗಿದೆ. ಸಕ್ಕರೆ ಕಾಯಿಲೆಯಲ್ಲಿ ಕಾಲು ನೋಯುತ್ತಿದ್ದರೂ ಧಮ್ಮದ ಪುಸ್ತಕ ಮುಗಿಸಲು ಕೂತ ಮನುಷ್ಯನ ವಿಳಾಸ ಅವರ ಪುಸ್ತಕಗಳಲ್ಲೇ ಇದೆ. ಬಾಗಿಲು ತಟ್ಟುವವರು ಕಡಿಮೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರೇ ಎಚ್ಚರಿಸಿದ್ದರು, ರಾಜಕೀಯದಲ್ಲಿ ಭಕ್ತಿ ಪತನದ ದಾರಿ ಅಂತ. ಅವರನ್ನೇ ಅವರ ಮನೆಯಲ್ಲಿ ಕತೆ ಮಾಡುವವರ ಸಾಲಿನಲ್ಲಿ ನಾವೂ ಇದ್ದೇವೆ ಅಂತ ಅನ್ನಿಸಿ ಬರೆದೆ. ಬೇಜಾರಾದರೆ ಭಾನುವಾರ ಬಂದು ಜಗಳ ಮಾಡಿ.

ಇನ್ನು ಅಕ್ಕನ ಪ್ರಶ್ನೆ.

ಅಕ್ಕ, ನೀವು ಕೇಳಿದ್ದನ್ನೇ ರಾಜ ಮಿಲಿಂದನೂ ಕೇಳಿದ್ದ. ನಾವು ಅವತ್ತು ಓದಿದ ಪುಟದಲ್ಲೇ ಇದೆ, ರಥ ನೋಡುವ ಅವಸರದಲ್ಲಿ ಗಮನಿಸಲಿಲ್ಲ. ನಾಗಸೇನ ಎಂಬ ವ್ಯಕ್ತಿಯೇ ಇಲ್ಲ ಅಂದರೆ, ನಿಮ್ಮನ್ನು ಯಾರಾದರೂ ಕೊಂದರೂ ಅದು ಕೊಲೆಯಲ್ಲ ಅಂತಾಯಿತಲ್ಲ ಎಂದು ರಾಜ ಪಟ್ಟು ಹಾಕುತ್ತಾನೆ. ನಾಗಸೇನರು ರಥ ಇಲ್ಲ ಅಂತ ಹೇಳಿಲ್ಲ. ರಥ ಅನ್ನುವುದು ಗಾಲಿ, ಅಚ್ಚು, ನೊಗ ಎಲ್ಲ ಕೂಡಿದಾಗ ಬಳಸುವ ಹೆಸರು ಅಂದರು. ರಾಜ ಅದರಲ್ಲೇ ಕೂತು ಬಂದಿದ್ದ, ಅದೂ ಸುಳ್ಳಲ್ಲ.

ಅದೇ ಪುಸ್ತಕದಲ್ಲಿ ಮುಂದೆ ಮಾವಿನ ಹಣ್ಣಿನ ಕಳ್ಳ ಬರುತ್ತಾನೆ. ಒಬ್ಬನ ಮರದ ಹಣ್ಣನ್ನು ಇನ್ನೊಬ್ಬ ಕದಿಯುತ್ತಾನೆ. ಸಿಕ್ಕಿಬಿದ್ದಾಗ ಅವನ ವಾದ ನೋಡಿ: ಇವನು ನೆಟ್ಟ ಮಾವೇ ಬೇರೆ, ನಾನು ಕಿತ್ತ ಮಾವೇ ಬೇರೆ, ಆದ್ದರಿಂದ ನಾನು ಇವನದ್ದೇನೂ ಕದ್ದಿಲ್ಲ! ತತ್ವಜ್ಞಾನ ಓದಿದ ಕಳ್ಳ. ಅವನಿಗೆ ಶಿಕ್ಷೆ ಆಗಬೇಕೋ ಬೇಡವೋ ಎಂದು ನಾಗಸೇನರು ಕೇಳುತ್ತಾರೆ. ಆಗಬೇಕು, ಆ ಹಣ್ಣು ಈ ಬೀಜದಿಂದಲೇ ಬಂದದ್ದಲ್ಲವೇ ಎನ್ನುತ್ತಾನೆ ರಾಜ.

ನಿಮ್ಮ ಓನರ್ "ಎಲ್ಲಾ ಮಾಯೆ, ನಾನ್ಯಾರು ನೀನ್ಯಾರು" ಅಂತ ಹೇಳಿ ಜಾರಿಕೊಳ್ಳುವಂತಿಲ್ಲ. ಬೆಳಿಗ್ಗೆ ಅಡ್ವಾನ್ಸ್ ಕೊಟ್ಟ ಕೈ, ಸಂಜೆ ಅದನ್ನು ವಾಪಸ್ ಹಿಡಿದ ಕೈ, ಆ ರಾತ್ರಿ ಬೀರು ಜೊತೆ ಟೆಂಪೋದಲ್ಲಿ ಕೂತು ಅತ್ತ ಕಣ್ಣು ಒಂದೇ ಬೀಜದ ಫಲ. ಭಗವಾನರು ಮೊದಲ ಆರ್ಯ ಸತ್ಯದಲ್ಲಿ ದುಃಖ ಇದೆ ಅಂದರು, ಅದನ್ನು ಕತೆ ಅನ್ನಲಿಲ್ಲ. ಅವತ್ತಿನ ಕತೆ ಓನರ್ ತಲೆಯಲ್ಲಿತ್ತು. ಫೋಟೋ ಕಂಡ ಕೂಡಲೇ ಅವರಿಗೆ ಹದಿನಾಲ್ಕು ವರ್ಷ ಟೈಲರ್ ಆಗಿ ದುಡಿದ, ತಿಂಗಳ ಐದನೇ ತಾರೀಕಿನೊಳಗೆ ಬಾಡಿಗೆ ಕಟ್ಟುವ ನೀವು ಕಾಣಲಿಲ್ಲ. ಅವರ ಅಜ್ಜ ಹೇಳಿಕೊಟ್ಟ ಪಾತ್ರ ಕಂಡಿತು.

ಹುಡುಗ ಸಭೆ ಮುಗಿದ ಮೇಲೆ ನನ್ನ ಹತ್ತಿರ ಇನ್ನೊಂದು ಪ್ರಶ್ನೆ ಕೇಳಿದ. ಹಾಗಾದರೆ 'ನಾನು ಬೌದ್ಧ' ಅನ್ನುವುದೂ ಕರೆಯುವ ಹೆಸರೇ ತಾನೇ, ಮಿಸ್? ಹೌದಪ್ಪ, ಅದೂ ಹೆಸರೇ. ಆದರೆ ಅದನ್ನು ನಾವೇ ಇಟ್ಟುಕೊಂಡೆವು, ಬಾಯಿಬಿಟ್ಟು ಹೇಳಿ ಇಟ್ಟುಕೊಂಡೆವು. ಅದಕ್ಕಿಂತ ಹೆಚ್ಚಿನ ಉತ್ತರ ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ಮುಂದಿನ ಭಾನುವಾರ ಇದೇ ಪುಸ್ತಕದ ದೀಪದ ಪ್ರಸಂಗ ಓದೋಣ: ಸಂಜೆ ಹಚ್ಚಿದ ಜ್ವಾಲೆ, ಬೆಳಗಿನ ಜಾವದ ಜ್ವಾಲೆ ಒಂದೇನಾ ಬೇರೆನಾ. ಪುಸ್ತಕ ಇರುವವರು ತನ್ನಿ.

ಅಕ್ಕ ಇನ್ನೂ ಮನೆ ಹುಡುಕುತ್ತಿದ್ದಾರೆ. ಸುಂಕದಕಟ್ಟೆ, ಕೊಟ್ಟಿಗೆಪಾಳ್ಯ, ಕಾಮಾಕ್ಷಿಪಾಳ್ಯದ ಕಡೆ ಎರಡು ರೂಮಿನ ಮನೆ ಖಾಲಿ ಇದ್ದರೆ ತಿಳಿಸಿ. ಓನರ್ ಹತ್ತಿರ ಮಾತಾಡುವಾಗ ಫೋಟೋ ಇದೆ ಅಂತ ಮೊದಲೇ ಹೇಳಿಬಿಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.