ನಿಲ್ಲದ ಅಲೆಯನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ಕಡಲನ್ನು ಇದ್ದ ಹಾಗೇ ಬಿಡಿಸಿದರು ಎಂದು ಕೆಲವು ಚಿತ್ರಕಾರರನ್ನು ಹೊಗಳುತ್ತಾರೆ. ಮನೆ, ಮರಗಳನ್ನಾದರೆ ಎದುರು ಕೂತು ಬಿಡಿಸಬಹುದು. ಅಲೆ ಒಂದು ಗಳಿಗೆಯೂ ನಿಲ್ಲುವುದಿಲ್ಲವಲ್ಲ? ಫೋಟೊ ನೋಡಿ ಬಿಡಿಸುತ್ತಿದ್ದರೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಕಡಲ ಮಗ್ಗುಲಲ್ಲೇ ಇರುವ ನಿಮಗೆ ಅರ್ಧ ಉತ್ತರ ಗೊತ್ತೇ ಇದೆ. ಒಂದೇ ಬಂಡೆಯ ಎದುರು ಒಂದು ಗಂಟೆ ಕೂತು ನೋಡಿ. ಯಾವ ಎರಡು ಅಲೆಯೂ ಒಂದೇ ಥರ ಇರುವುದಿಲ್ಲ, ನಿಜ. ಆದರೂ ಅಲ್ಲಿ ಒಡೆಯುವ ಅಲೆಗಳಿಗೆಲ್ಲ ಒಂದು ಚಾಳಿ ಇರುತ್ತದೆ. ನೀರು ತೆಳುವಾದ ಕಡೆ ತಳ ಅಲೆಯ ಬುಡವನ್ನು ತಡೆಯುತ್ತದೆ, ನೆತ್ತಿ ಮುಂದೋಡಿ ಬಾಗಿ ಒಡೆಯುತ್ತದೆ. ಗಾಳಿ, ಉಬ್ಬರ ಬದಲಾಗುವ ತನಕ ಇದೇ ಆಟ. ನೂರಾರು ಅಲೆ ನೋಡಿ ಈ ಚಾಳಿಯನ್ನು ಬಾಯಿಪಾಠ ಮಾಡಿಕೊಂಡವನ ಕೈಗೆ ಕಡಲು ಸಿಗುತ್ತದೆ.

ಹಾಗೆ ನೋಡಿದವರಲ್ಲಿ ನನ್ನ ಮಟ್ಟಿಗೆ ಮೊದಲಿಗ ಅಮೆರಿಕದ ವಿನ್ಸ್ಲೋ ಹೋಮರ್ (1836–1910). ಬಾಸ್ಟನ್‌ನವನು; ಕಲ್ಲಚ್ಚಿನ ಅಂಗಡಿಯಲ್ಲಿ ಕೆಲಸ ಕಲಿತು, ‘ಹಾರ್ಪರ್ಸ್ ವೀಕ್ಲಿ’ಗೆ ಅಂತರ್ಯುದ್ಧದ ಚಿತ್ರ ಬರೆದುಕೊಟ್ಟವನು. 1881ರಲ್ಲಿ ಇಂಗ್ಲೆಂಡಿನ ಕಲರ್‌ಕೋಟ್ಸ್ ಎಂಬ ಮೀನುಗಾರರ ಊರಿಗೆ ಹೋಗಿ ಮರುವರ್ಷದವರೆಗೂ ಅಲ್ಲೇ ಉಳಿದ. ದೋಣಿಗಾಗಿ ದಡದಲ್ಲಿ ಕಾಯುವ ಹೆಂಗಸರನ್ನು ಕಂಡ ಮೇಲೆ ಅವನ ಚಿತ್ರದ ಗತ್ತೇ ಬೇರೆಯಾಯಿತು. 1883ರಲ್ಲಿ ಮೇಯ್ನ್ ರಾಜ್ಯದ ಪ್ರೌಟ್ಸ್ ನೆಕ್‌ಗೆ ಬಂದ. ಸಾರೋಟು ನಿಲ್ಲಿಸುವ ಕೊಟ್ಟಿಗೆ ಅವನ ಚಿತ್ರಶಾಲೆಯಾಯಿತು. ಎದುರಿಗೆ ಅಟ್ಲಾಂಟಿಕ್. ಕೊನೆಯುಸಿರೂ ಅಲ್ಲೇ.

ಅವನ ಹತ್ತಿರ ಕ್ಯಾಮೆರಾ ಇತ್ತು, ಫೋಟೊ ತೆಗೆಯುತ್ತಲೂ ಇದ್ದ. ಆದರೆ ಆ ಕಾಲದ ಕಪ್ಪು–ಬಿಳುಪು ಫೋಟೊ, ಅಲೆಯ ಹೊಟ್ಟೆಯಲ್ಲಿ ಬೆಳಕು ತೂರಿ ಬರುವ ಹಸಿರನ್ನು ಎಲ್ಲಿಂದ ತಂದುಕೊಡಬೇಕು? ಅದಕ್ಕೆ ಕಾಯಲೇಬೇಕಿತ್ತು. ಬಿರುಗಾಳಿ ಇಳಿದ ಮೇಲಿನ ಮುಂಜಾವಿನ ಕಡಲನ್ನು ಅವನು 1900ರಲ್ಲಿ ಶುರು ಮಾಡಿದ್ದು, ಮುಗಿಸಿದ್ದು 1903ರಲ್ಲಿ. ಜನರನ್ನು ಬಿಡಿಸುವಾಗಲೂ ಇದೇ ಹಟ. ಮುಳುಗುತ್ತಿದ್ದವರನ್ನು ಎಳೆದು ತರುವ ‘ಅಂಡರ್‌ಟೋ’ (1886) ಚಿತ್ರಕ್ಕಾಗಿ ರೂಪದರ್ಶಿಗಳನ್ನು ಚಾವಣಿಯ ಮೇಲೆ ನಿಲ್ಲಿಸಿ ನೀರು ಸುರಿಸಿದ. ಒದ್ದೆ ಬಟ್ಟೆ ಮೈಗೆ ಅಂಟುವ ಬಗೆ ಅವನಿಗೆ ಕಣ್ಣಾರೆ ಬೇಕಿತ್ತು.

ಇದ್ದ ಹಾಗೇ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. 1895ರ ‘ನಾರ್ತ್‌ಈಸ್ಟರ್’ನಲ್ಲಿ ಮೊದಲು ಬಂಡೆಯ ಮೇಲೆ ಇಬ್ಬರು ಮನುಷ್ಯರಿದ್ದರು. ಚಿತ್ರ ಮಾರಾಟವಾದ ಮೇಲೂ ಅವನ ಮನಸ್ಸು ಒಪ್ಪಲಿಲ್ಲ, ಅವರಿಬ್ಬರನ್ನೂ ಅಳಿಸಿದ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಆ ಚಿತ್ರದಲ್ಲಿ ಬಂಡೆ, ನೊರೆ, ನೀರು ಬಿಟ್ಟರೆ ಬೇರೇನಿಲ್ಲ. ಅಳಿಸಿದ್ದರಿಂದಲೇ ಅದು ಕಡಲಿಗೆ ಹತ್ತಿರವಾಯಿತು ಎಂದು ನಾನು ನಂಬುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟದ್ದು 1885ರ ‘ದಿ ಫಾಗ್ ವಾರ್ನಿಂಗ್’. ಪುಟ್ಟ ದೋಣಿಯಲ್ಲಿ ಒಬ್ಬನೇ ಮೀನುಗಾರ. ಹಿಂಬದಿಯಲ್ಲಿ ದೊಡ್ಡ ಹ್ಯಾಲಿಬಟ್ ಮೀನುಗಳು. ಆ ಭಾರಕ್ಕೆ ಹಿಂಭಾಗ ಕುಗ್ಗಿ ಮುಂಭಾಗ ಎದ್ದಿದೆ. ಅವನು ಕತ್ತು ಹೊರಳಿಸಿ ದೂರದ ಹಡಗಿನತ್ತ ನೋಡುತ್ತಿದ್ದಾನೆ. ಅದರ ಹಿಂದೆ ಮಂಜು ಏಳುತ್ತಿದೆ. ಮಂಜು ಮುಚ್ಚುವ ಮೊದಲು ಹಡಗು ಮುಟ್ಟಬೇಕು, ಮೀನಿನ ಭಾರ ಬಿಡುತ್ತಿಲ್ಲ. ಗಂಗೊಳ್ಳಿಯ ದೋಣಿಯವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಚಿತ್ರ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ನಿಮ್ಮವರು ಯಾರಾದರೂ ಆ ಊರಲ್ಲಿದ್ದರೆ, ಒಮ್ಮೆ ಹೋಗಿ ನೋಡಿಬರಲು ಹೇಳಿ.